ಆಷಾಢದ ಹೆಬ್ಬೆಟ್ಟು

"ಈ ಎರಡು ಹೆಬ್ಬೆಟ್ಟು ಒಬ್ಬರವಲ್ರೀ ಮಾಸ್ತರ. ಬೇಕಾದ್ರ ಭೂತಗನ್ನಡಿ ಹಿಡ್ಕೊಂಡು ನೀವ ನೋಡ್ರಿ!"

ಸಂಗಮೇಶ ಎರಡು ಹಾಳೆಗಳನ್ನು ಟೀಪಾಯಿಯ ಮೇಲೆ ಅಕ್ಕಪಕ್ಕ ಇಟ್ಟು, ಎದೆಯುಬ್ಬಿಸಿ ಕೂತ. ಬಾಗಲಕೋಟೆಯಿಂದ ಬಂದು ಬಿಟಿಎಂ ಲೇಔಟಿನ ಬಾಡಿಗೆ ಕೋಣೆಯಲ್ಲಿ ಪತ್ತೇದಾರಿ ಬೋರ್ಡು ತೂಗುಹಾಕಿ ಎರಡು ವರ್ಷವಾಗಿತ್ತು. ಈವರೆಗೆ ಅವನ ಪಾಲಿಗೆ ಬಂದದ್ದೆಲ್ಲ ಮದುವೆ ಗಂಡುಗಳ ನಡತೆ ವಿಚಾರಿಸುವ ಕೆಲಸ. ನಕಲಿ ಕಾಗದ, ಕಾಣದ ಕೈ, ಹೆಬ್ಬೆಟ್ಟಿನ ಗುರುತು, ಇವೆಲ್ಲ ಒಟ್ಟಿಗೆ ಸಿಕ್ಕಿದ್ದು ಇದೇ ಮೊದಲು. ಅವನ ಖುಷಿಗೆ ಪಾರವಿರಲಿಲ್ಲ.

ಎದುರಿಗೆ ಕೂತಿದ್ದ ಕಿಟ್ಟಿ ಮೇಷ್ಟ್ರು ಭೂತಗನ್ನಡಿ ಹಿಡಿದು ಬಗ್ಗಿದರು. ಜಯನಗರದ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಈಗ 'ದಯಾಮರಣ ಹಕ್ಕು ಸಮಿತಿ'ಯ ಅಧ್ಯಕ್ಷರು. ವಾಸಿಯಾಗದ ರೋಗಿ ಕೇಳಿಕೊಂಡರೆ ಡಾಕ್ಟರು ಸಾವು ಕೊಡುವಂತೆ ಕಾನೂನು ಬರಬೇಕು ಎಂಬುದು ಅವರ ಹೋರಾಟ. ನಾಳೆ, ಭಾನುವಾರ, ಅವರ ಸಭೆ. ಆ ಸಭೆಯಲ್ಲಿ ಓದಿ, ಸರ್ಕಾರಕ್ಕೆ ಕಳಿಸಬೇಕೆಂದು ಅವರು ಜೋಪಾನ ಮಾಡಿಟ್ಟುಕೊಂಡಿದ್ದ ಕಾಗದವೇ ಈ ಟೀಪಾಯಿಯ ಮೇಲಿದ್ದದ್ದು.

'ನನಗೆ ಈ ಬದುಕು ಸಾಕಾಗಿದೆ. ಡಾಕ್ಟರ ಕೈಯಿಂದ ನೆಮ್ಮದಿಯ ಸಾವು ಕೊಡಿಸಿ. ಯಾರ ಬಲವಂತವೂ ಇಲ್ಲದೆ ನಾನಾಗಿ ಕೇಳುತ್ತಿದ್ದೇನೆ. ಗೌರಮ್ಮ, ತಾವರೆಕೆರೆ.' ಕೆಳಗೆ ಹೋದ ಆಷಾಢದ ತಾರೀಖು, ನೇರಳೆ ಶಾಯಿಯ ಒಂದು ಹೆಬ್ಬೆಟ್ಟು. ಸಂಕ್ರಾಂತಿಯ ಹಿಂದಿನ ದಿನ ಮೇಷ್ಟ್ರ ಗೇಟಿನ ಟಪಾಲು ಡಬ್ಬಿಯಲ್ಲಿ ಅದು ಸಿಕ್ಕಿತ್ತು. ಹಾಕಿದವರು ಯಾರೋ ಗೊತ್ತಿಲ್ಲ.

ವಿಚಿತ್ರವೆಂದರೆ, ಸಾವು ಬೇಡುತ್ತಿದ್ದಾರೆ ಎನ್ನಲಾದ ಆ ಗೌರಮ್ಮ ತಮ್ಮದೇ ಮನೆಯ ಈ ನಡುಮನೆಯಲ್ಲಿ, ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೊರಗಿ ಕೂತು, ಬಲಗೈಯಿಂದ ನೆನೆಸಿದ ಅವರೆಕಾಳು ಹಿತುಕುತ್ತ, ಇವರಿಬ್ಬರನ್ನೂ ನೋಡಿ ನಗುತ್ತಿದ್ದರು.

"ಏನಪ್ಪಾ ಪತ್ತೇದಾರಪ್ಪ, ಬಾಯಿ ಆಡ್ತಾ ಐತೆ, ಕೈ ಸುಮ್ನೆ ಕೂತೈತಲ್ಲ? ತಗೋ ಈ ಬಟ್ಲು. ಮೇಷ್ಟ್ರು ನೋಡೋ ಹೊತ್ಗೆ ಒಂದು ಸೇರು ಹಿತುಕು."

"ಇದೇನ್ರೀ ಅಜ್ಜಿ ಇದು?"

"ಅಯ್ಯೋ, ಹಿತಕಬೇಳೆ ಗೊತ್ತಿಲ್ವಾ? ಎರಡು ವರ್ಷದಿಂದ ಬೆಂಗ್ಳೂರಲ್ಲಿ ಏನು ತಿಂತಿದ್ದೀಯ ನೀನು?"

ಗೌರಮ್ಮನಿಗೆ ಎಪ್ಪತ್ತೆರಡು. ಈಗ ಬಿಟಿಎಂ ಎನ್ನಿಸಿಕೊಳ್ಳುವ ನೆಲದಲ್ಲಿ ಅವರು ರಾಗಿ ಬೆಳೆದವರು. ಹೋದ ಮಾಘದಲ್ಲಿ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋದವು. ಉಳಿದ ಬಲಗೈಯಲ್ಲಿ ಅವರು ಒಂದು ಸಂಸಾರಕ್ಕಾಗುವಷ್ಟು ಕೆಲಸ ಮಾಡುತ್ತಿದ್ದರು. ಡಿಸೆಂಬರ್ ಹುಟ್ಟಿದಾಗಿನಿಂದ ಈ ಮನೆಯಲ್ಲಿ ಹಿತುಕುವ ಕೆಲಸ ಅವರದೇ. ಹೆಬ್ಬೆರಳು, ತೋರುಬೆರಳ ನಡುವೆ ಕಾಳು ಇಟ್ಟು ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಬಟ್ಟಲಲ್ಲಿ. ನೋಡುವುದಕ್ಕೆ ಬಲು ಸುಲಭ.

ಸಂಗಮೇಶ ಒತ್ತಿದ. ಬೇಳೆ ಹಾರಿ ಮೇಷ್ಟ್ರ ಕನ್ನಡಕಕ್ಕೆ ಬಡಿಯಿತು.

"ಸಾರಿ ರೀ ಮಾಸ್ತರ!"

ಗೌರಮ್ಮ ಮಂಚ ಅಲ್ಲಾಡುವಂತೆ ನಕ್ಕರು. ಒಳಗಿನಿಂದ ಸೊಸೆ ಸೌಮ್ಯ ಅವರೆಕಾಳಿನ ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದು ಬಂದವಳು, ನಗುವನ್ನು ತಡೆದುಕೊಂಡು ತಟ್ಟೆ ಇಟ್ಟಳು. ಮೇಷ್ಟ್ರ ಕೈಗೆ ಕಾಗದ ಸೇರಿದೆ ಎಂದು ತಿಳಿದಾಗ ಪತ್ತೇದಾರನನ್ನು ಹುಡುಕಿಕೊಂಡು ಬಂದವಳು ಅವಳೇ. "ಇದನ್ನ ಬರೆದದ್ದು ಯಾರು ಅಂತ ಕಂಡುಹಿಡೀರಿ ಸಾರ್. ಅಷ್ಟೇ ನನಗೆ ಬೇಕಾಗಿರೋದು," ಎಂದಿದ್ದಳು.

ಬರೆಯಬಹುದಾದವರು ಮೂವರು ಎಂದು ಸಂಗಮೇಶ ಡೈರಿಯಲ್ಲಿ ಗುರುತು ಹಾಕಿಕೊಂಡಿದ್ದ. ಒಬ್ಬ ಗೌರಮ್ಮನ ಮಗ ಶಿವರಾಮ್, ಶಾಮಿಯಾನ ಅಂಗಡಿಯವನು. ನಾಳೆಯ ಸಭೆಗೆ ಕುರ್ಚಿ, ಪೆಂಡಾಲು ಅವನದೇ ಎಂಬುದು ಬೇರೆ ಸಂಕಟ. ಎರಡನೆಯವಳು ಸ್ವತಃ ಸೌಮ್ಯ. ಮೂರನೆಯವನು ವಾರಕ್ಕೆ ಮೂರು ದಿನ ಬಂದು ಅಜ್ಜಿಗೆ ಕೈಕಾಲಿನ ವ್ಯಾಯಾಮ ಮಾಡಿಸುವ ಮುತ್ತುರಾಜ.

ಆದರೆ ಬರೆದವರು ಯಾರೇ ಆಗಲಿ, ಹೆಬ್ಬೆಟ್ಟು ಮಾತ್ರ ಅಜ್ಜಿಯದಲ್ಲ ಎಂದು ಮಂಗಳವಾರವೇ ಅವನು ತೀರ್ಮಾನಿಸಿಬಿಟ್ಟಿದ್ದ. ಅಂದು ಸಂಜೆ ಸ್ಟಾಂಪ್ ಪ್ಯಾಡು ತಂದು, ಹೆದರಬೇಡಿ ಎಂದು ಮೊದಲು ತನ್ನ ಬಲ ಹೆಬ್ಬೆರಳನ್ನು ಒತ್ತಿ ತೋರಿಸಿ, ಆಮೇಲೆ ಅಜ್ಜಿಯದನ್ನು ಅದೇ ಹಾಳೆಯ ಮೇಲೆ ಒತ್ತಿಸಿಕೊಂಡಿದ್ದ. ಕಾಗದದ ಹೆಬ್ಬೆಟ್ಟು ನುಣ್ಣಗಿತ್ತು, ಗೆರೆ ಗೆರೆ ಎಣಿಸುವಷ್ಟು ಸ್ಪಷ್ಟ. ಅಜ್ಜಿಯ ಹೆಬ್ಬೆಟ್ಟಿನ ತುಂಬ ಅಡ್ಡಡ್ಡ ಬಿಳಿ ಬರೆಗಳು.

"ಬೇರೆ ಥರ ಕಾಣ್ತಿದೆ, ಒಪ್ಪಿದೆ," ಎಂದರು ಮೇಷ್ಟ್ರು, ಮುಕ್ಕಾಲು ಗಂಟೆ ಎರಡೂ ಹಾಳೆಗಳನ್ನು ಗೆರೆ ಗೆರೆ ಹೋಲಿಸಿ ನೋಡಿದ ಮೇಲೆ. "ಆದರೆ ಆರು ತಿಂಗಳ ಅಂತರ ಇದೆಯಲ್ಲಪ್ಪ?"

"ಹೆಬ್ಬೆಟ್ಟು ಸಾಯೂತನಕ ಬದಲಾಗಂಗಿಲ್ರೀ. ಅದಕ್ಕಽ ಕೋರ್ಟಿನ್ಯಾಗ ನಂಬೋದು. ತಡೀರಿ, ನಿಮ್ಮ ಮುಂದಽ ತೋರಸ್ತೀನಿ."

ಮುಕ್ಕಾಲು ಗಂಟೆ ಕಾಳು ಹಿತುಕಿದ್ದ ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಹೆಬ್ಬೆರಳನ್ನು ಪ್ಯಾಡಿಗೆ ಅದ್ದಿ, ಮಂಗಳವಾರದ ತನ್ನ ಗುರುತಿನ ಪಕ್ಕದಲ್ಲೇ ಜೋರಾಗಿ ಒತ್ತಿದ. ಭೂತಗನ್ನಡಿಯನ್ನು ಮೇಷ್ಟ್ರಿಗೆ ಕೊಡುವ ಮೊದಲು ತಾನೇ ಒಮ್ಮೆ ನೋಡಿದ.

ಮತ್ತೊಮ್ಮೆ ನೋಡಿದ.

ಮಂಗಳವಾರದ ಸಂಗಮೇಶನಿಗೂ ಶನಿವಾರದ ಸಂಗಮೇಶನಿಗೂ ಸಂಬಂಧವೇ ಇರಲಿಲ್ಲ. ಹೊಸ ಗುರುತಿನ ತುಂಬ ಬಿಳಿ ಬರೆಗಳು! ಅವನು ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡ. ನೀರಿನಲ್ಲಿ ನೆನೆದು ಚರ್ಮ ಸುಕ್ಕಾಗಿತ್ತು, ಸಿಪ್ಪೆಯ ಅಂಚು ತಾಗಿ ಒಂದು ಕಡೆ ಸಣ್ಣಗೆ ಸೀಳಿತ್ತು. ಮುಕ್ಕಾಲು ಗಂಟೆಗೇ ಹೀಗಾದರೆ ಎರಡು ತಿಂಗಳಿಗೆ ಏನಾಗಬೇಡ? ಜೋಳ, ಕಡಲೆಯ ಸೀಮೆಯಲ್ಲಿ ಬೆಳೆದವನಿಗೆ ಈ ಯೋಚನೆ ಹೊಳೆದೇ ಇರಲಿಲ್ಲ. ಬೆಂಗಳೂರಿನ ಯಾವ ಮನೆಯ ಹೆಣ್ಣುಮಗಳನ್ನು ಕೇಳಿದ್ದರೂ ನಿಂತಲ್ಲೇ ಹೇಳುತ್ತಿದ್ದಳು.

ಸಂಗಮೇಶ ಮತ್ತೆ ಭೂತಗನ್ನಡಿ ಹಿಡಿದ. ಬರೆಗಳನ್ನು ಮರೆತು, ಅವುಗಳ ಅಡಿಯ ಗೆರೆಗಳನ್ನಷ್ಟೇ ಹುಡುಕಿದ. ಕಾಗದದ ಹೆಬ್ಬೆಟ್ಟಿನ ನಡುವೆ ಒಂದು ಸುಳಿ, ಅದರ ಬಲಕ್ಕೆ ಕವಲೊಡೆದ ಗೆರೆ. ಅಜ್ಜಿಯ ಹೆಬ್ಬೆಟ್ಟಿನಲ್ಲೂ ಅದೇ ಸುಳಿ, ಅದೇ ಕವಲು.

ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೇಷ್ಟ್ರು ಅರ್ಧ ಒಪ್ಪಿಯೂ ಆಗಿತ್ತು. ಒಂದು ಗಳಿಗೆ ಅವನ ಮನಸ್ಸು ಆ ಕಡೆ ವಾಲಿದ್ದೂ ನಿಜ.

"ತಪ್ಪು ನಂದ್ರೀ," ಎಂದ ಕೊನೆಗೆ. "ಕಾಗದದ ಮ್ಯಾಲಿನ ಹೆಬ್ಬೆಟ್ಟು ಅಜ್ಜೀದಽ."

ಮೇಷ್ಟ್ರು ನೆಟ್ಟಗೆ ಕೂತರು. ಬಾಗಿಲಲ್ಲಿ ಸೌಮ್ಯ ಸೆರಗಿನ ತುದಿ ಹಿಡಿದು ನಿಂತಳು. ಗೌರಮ್ಮನ ಬೆರಳುಗಳು ಆ ಬೆಳಿಗ್ಗೆ ಮೊದಲ ಬಾರಿಗೆ ನಿಂತವು.

"ಹೂಂ ಕಣಪ್ಪ," ಎಂದರು ಅವರು. "ನಂದೇ. ನಾನೇ ಒತ್ತಿದ್ದು."

"ಅತ್ತೆ!"

"ಬಾ, ಕೂತ್ಕೊ ಸೌಮ್ಯ. ಯಾರೂ ಸತ್ತಿಲ್ಲ ಇಲ್ಲಿ."

ಅವರು ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿ ಮೇಷ್ಟ್ರ ಕಡೆ ತಿರುಗಿದರು.

"ಆಗ ಕೈಕಾಲು ಮಾತ್ರ ಅಲ್ಲ ಮೇಷ್ಟ್ರೇ, ನಾಲಗೇನೂ ಬಿದ್ದೋಗಿತ್ತು. ನೀರು ಬೇಕು ಅನ್ನಾಕೂ ಬಾಯಿಲ್ಲ. ನೋಡಾಕೆ ಬಂದೋರೆಲ್ಲ ಇಲ್ಲೇ, ಈ ಮಂಚದ ಪಕ್ಕ ನಿಂತ್ಕೊಂಡು, ಪಾಪ, ದೇವರು ಬೇಗ ಕರ್ಕೊಂಡ್ರೆ ಸಾಕು ಅನ್ನೋರು. ನಂಗೆ ಮಾತು ಹೋಗಿತ್ತೇ ಹೊರ್ತು ಕಿವಿ ಹೋಗಿರ್ಲಿಲ್ಲ. ಹತ್ತು ಜನ ಅಂದ್ರು. ಹನ್ನೊಂದನೇ ಸಲಕ್ಕೆ ನಂಗೂ ಹಂಗೇ ಅನ್ನಿಸ್ತು. ಹೋಗ್ಬಿಡಾಣ ಅಂತ. ಒತ್ತಿದೆ. ನಾನಾಗೇ ಒತ್ತಿದೆ."

"ಅಂದರೆ ಕಾಗದ ಸತ್ಯ," ಎಂದರು ಮೇಷ್ಟ್ರು ಮೆಲ್ಲಗೆ. ಗೆದ್ದ ದನಿ ಅಲ್ಲ ಅದು.

"ಆಷಾಢದಲ್ಲಿ ಸತ್ಯ. ದಸರಾದಲ್ಲಿ ಏನಾಯ್ತು ಗೊತ್ತಾ? ಹೇಳೇ ಸೌಮ್ಯ."

ಸೌಮ್ಯಳಿಗೆ ಆ ಗಾಬರಿಯಲ್ಲೂ ನಗು ಬಂತು. "ಮುತ್ತುರಾಜ ಬಂದಾಗೆಲ್ಲ ಅತ್ತೆ ಹತ್ರ ರಾಗಿ ಬೀಸೋ ಪದ ಹಾಡಿಸ್ತಿದ್ದ ಸಾರ್. ಮಾತು ಹೋದ್ರೂ ಹಾಡು ಹೋಗಿರಲ್ಲ, ಹಾಡಿನ ಜೊತೇಲೇ ಮಾತು ಬರುತ್ತೆ ಅಂತಿದ್ದ. ತಿಂಗಳುಗಟ್ಟಲೆ ಬರೀ ಊಂ ಊಂ ಅನ್ನೋ ರಾಗ. ಆಯುಧಪೂಜೆ ದಿನ ಊಟಕ್ಕೆ ಕೂರಿಸಿ ಒಂದು ತುತ್ತು ಇಟ್ಟೆ. ನುಂಗಿದ್ರು. ನನ್ನ ಮುಖ ನೋಡಿದ್ರು. 'ಸಾರಿಗೆ ಉಪ್ಪಿಲ್ಲ' ಅಂದ್ರು!"

"ಎಂಟು ತಿಂಗಳಾದ್ಮೇಲೆ ಮೊದಲ್ನೇ ಮಾತು!" ಗೌರಮ್ಮ ತೊಡೆ ತಟ್ಟಿಕೊಂಡರು. "ನನ್ನ ಮಗ ಕುಣಿದಾಡ್ಬಿಟ್ಟ. ಆ ಉಪ್ಪಿಲ್ಲದ ಸಾರನ್ನೇ ಮೂರು ಸಲ ಹಾಕಿಸ್ಕೊಂಡು ಉಂಡ. ಮೇಲಿನ ಬಾಡಿಗೆ ಹುಡುಗ್ರಿಗೆಲ್ಲ ಮೈಸೂರುಪಾಕು. ಈಗ ಹೇಳಿ ಮೇಷ್ಟ್ರೇ. ನಿಮ್ಮ ಕಾನೂನು ಆಷಾಢದಲ್ಲೇ ಬಂದಿದ್ದಿದ್ರೆ? ಡಾಕ್ಟ್ರು ಬಂದು, ನನ್ನ ಹೆಬ್ಬೆಟ್ಟು ನೋಡಿ, ಸೂಜಿ ಚುಚ್ಚಿದ್ದಿದ್ರೆ? ಈ ವರ್ಷದ ಅವರೆಕಾಯಿ ಯಾರು ತಿಂತಿದ್ರು?"

ಮೇಷ್ಟ್ರು ತಟ್ಟೆಯಲ್ಲಿ ಆರಿಹೋಗಿದ್ದ ಉಪ್ಪಿಟ್ಟನ್ನು ನೋಡುತ್ತ ಕೂತರು. ಅವರು ಕೆಟ್ಟ ಮನುಷ್ಯರಲ್ಲ ಎಂಬುದು ಸಂಗಮೇಶನಿಗೆ ಮೊದಲ ದಿನವೇ ಗೊತ್ತಾಗಿತ್ತು. ಅದೇ ಈ ಕೇಸಿನ ತೊಡಕಾಗಿತ್ತು.

"ಎಲ್ಲರಿಗೂ ದಸರಾ ಬರಲ್ಲ ಗೌರಮ್ಮನವರೇ," ಎಂದರು ಅವರು. "ನನ್ನ ಹೆಂಡತಿ ಈಶ್ವರಮ್ಮನಿಗೆ ಕ್ಯಾನ್ಸರು. ಹದಿನಾಲ್ಕು ತಿಂಗಳು. ಕೈ ಮುಗಿದು ಕೇಳಿದಳು ನನ್ನ, ಸಾಯಿಸಿಬಿಡಿ ಅಂತ. ಏನು ಮಾಡಲಿ ನಾನು? ಸುಮ್ಮನೆ ನೋಡ್ತಾ ಕೂತಿದ್ದೆ."

ಗೌರಮ್ಮನ ಮುಖದ ತುಂಟತನವೆಲ್ಲ ಇಳಿಯಿತು. ಬಲಗೈಯನ್ನು ಸೀರೆಗೆ ಒರೆಸಿಕೊಂಡು, ಚಾಚಿ, ಮೇಷ್ಟ್ರ ಮೊಣಕೈ ಮುಟ್ಟಿದರು.

"ನೋವಿಗೆ ಮದ್ದು ಕೊಡ್ಲಿಲ್ವಾ?"

"ಸರಿಯಾದ ಮದ್ದು ಸಿಗಲಿಲ್ಲ. ಅಲೆದೆ, ಎಲ್ಲಾ ಕಡೆ ಅಲೆದೆ. ಕೊನೇ ತಿಂಗಳಲ್ಲಿ ಒಬ್ಬ ಡಾಕ್ಟರು ಕೊಡಿಸಿದರು."

"ಕೊಟ್ಟ ಮೇಲೆ?"

"ಕೊಟ್ಟ ಮೇಲೆ..." ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಮಾರನೇ ದಿನ ಎದ್ದು ಕೂತಳು. ಕಾಫಿ ಕೇಳಿದಳು. ಡಿಕಾಕ್ಷನ್ ನೀರಾಗಿದೆ ಅಂತ ಬೈದಳು."

"ಆಮೇಲೆ ಯಾವತ್ತಾದ್ರೂ ಸಾಯ್ಸಿ ಅಂದ್ರಾ?"

ಹೊರಗೆ ಮಡಿವಾಳದ ಕಡೆಯ ಬಸ್ಸೊಂದು ಹಾರ್ನು ಹೊಡೆದುಕೊಂಡು ಹೋಯಿತು. ಮೇಷ್ಟ್ರು ಇಲ್ಲವೆಂದು ತಲೆಯಾಡಿಸಿದರು.

"ಹಂಗಾದ್ರೆ ಆ ಮದ್ದು ಕೇಳ್ರಿ ಸರ್ಕಾರಾನ. ಹದಿನಾಲ್ಕು ತಿಂಗಳು ಮೊದ್ಲೇ ಸಿಗಾಂಗೆ ಮಾಡ್ರಿ ಅಂತ ಕೇಳ್ರಿ, ನಾನೂ ನಿಮ್ಮ ಜೊತೆ ಬತ್ತೀನಿ. ಸಾಯ್ಸೋ ಕಾನೂನು ಮಾತ್ರ ಬೇಡ. ಅದು ಬಂತು ಅಂದ್ರೆ, ನನ್ನಂಗೆ ಮಂಚ ಹಿಡಿದೋರೆಲ್ಲ ದಿನಾ ಬೆಳಗೆದ್ದು ನಾವ್ಯಾಕೆ ಇನ್ನೂ ಬದುಕಿದೀವಿ ಅಂತ ಮನೆಯೋರಿಗೆ ಕಾರಣ ಹೇಳ್ಬೇಕಾಗ್ತದೆ. ನಾನ್ಯಾಕೆ ಹೇಳ್ಲಿ? ಬದುಕಿದೀನಿ, ಅಷ್ಟೇ!"

ಸಂಗಮೇಶನಿಗೆ ಚಪ್ಪಾಳೆ ತಟ್ಟಬೇಕೆನ್ನಿಸಿತು. ಕೈಯಲ್ಲಿ ಅವರೆಸಿಪ್ಪೆ ಇದ್ದುದರಿಂದ ಸುಮ್ಮನಾದ. ಕೇಸು ಸೋತಿದ್ದ, ಆದರೆ ಇಂಥ ಸಂತೋಷದ ಸೋಲು ಅವನು ಕಂಡಿರಲಿಲ್ಲ.

ಮೇಷ್ಟ್ರು ಕನ್ನಡಕವನ್ನು ಮತ್ತೆ ಏರಿಸಿಕೊಂಡರು. ಆಮೇಲೆ ಕಾಗದವನ್ನು ಎತ್ತಿಕೊಂಡು, ಗಣಿತದ ಉತ್ತರ ಪತ್ರಿಕೆ ವಾಪಸು ಕೊಡುವವರಂತೆ ಮಂಚದ ಮೇಲಿಟ್ಟರು.

"ಇದನ್ನ ಓದಲ್ಲ ನಾನು. ಇದು ನಿಮ್ಮದು, ನಿಮ್ಮ ಹತ್ರಾನೇ ಇರಲಿ. ಸಮಿತಿ ಬಿಡ್ತೀನಿ ಅಂತ ಮಾತ್ರ ಹೇಳಲಾರೆ. ನಾಳೆ ಬರ್ತೀರಾ? ನಮಗೆ ವಿರೋಧವಾಗಿ ಮಾತಾಡೋಕೆ ಒಂದು ಕುರ್ಚಿ ಹಾಕಿಸ್ತೀನಿ."

"ಕುರ್ಚಿ ನನ್ನ ಮಗಂದೇ ಅಲ್ವಾ ಮೇಷ್ಟ್ರೇ, ನೀವೇನು ಹಾಕ್ಸೋದು?"

ಎಲ್ಲರೂ ನಕ್ಕರು. ಮೇಷ್ಟ್ರು ಕೂಡ ಕಣ್ಣೊರೆಸಿಕೊಂಡು ನಕ್ಕು, ಉಪ್ಪಿಟ್ಟಿನ ತಟ್ಟೆಗೆ ಕೈ ಹಾಕಿದರು.

"ಒಂದು ಮಾತು ಉಳೀತಲ್ರೀ ಅಜ್ಜಿ," ಎಂದ ಸಂಗಮೇಶ. "ಆಷಾಢದಾಗ ನಿಮಗ ಮಾತಽ ಇರಲಿಲ್ಲ. ಓದು ಬರಹ ಬರಂಗಿಲ್ಲ. ಮತ್ತ ಕಾಗದ ಬರದವ್ರು ಯಾರು?"

"ಅದ್ಯಾಕೆ ನಿಂಗೆ ಈಗ? ನನ್ನ ಕಣ್ಣೀರು ನೋಡಾಕಾಗ್ದೆ ಬರೆದ್ರು. ಸಾಯ್ಬೇಕಾ ಅಂತ ಕೇಳಿದ್ರು, ಹೂಂ ಅಂತ ಕಣ್ಣು ಮುಚ್ಚಿ ತೆಗೆದೆ. ಅವ್ರೂ ಅತ್ರು ಅವತ್ತು. ಬರೆದು, ನನ್ನ ಹಾಸಿಗೆ ಕೆಳಗೇ ಮಡಗಿದ್ರು. ಯಾರ್ಗೂ ಹೇಳಲ್ಲ ಅಂತ, ಮಾತು ಬಂದ್ಮೇಲೆ ನಾನೇ ಮಾತು ಕೊಟ್ಟಿವ್ನಿ. ಮುಗೀತು ಬಿಡು. ಲೇ ಸೌಮ್ಯ, ಹಿತ್ಲಲ್ಲಿ ನೀರೊಲೆ ಉರೀತಾ ಐತಲ್ಲ, ಇದನ್ನ ಅದಕ್ಕೆ ಹಾಕ್ಬಿಡು ಹೋಗು."

ಸೌಮ್ಯ ಕಾಗದ ತೆಗೆದುಕೊಂಡಳು. ಹೋಗಲಿಲ್ಲ. ಅದನ್ನು ಎದೆಗೆ ಒತ್ತಿ ಹಿಡಿದು ಅಲ್ಲೇ ನಿಂತಳು.

"ಇದನ್ನ ಸುಡಲ್ಲ ಅತ್ತೆ."

"ಯಾಕೆ?"

"ಮೇಷ್ಟ್ರ ಡಬ್ಬಿಗೆ ಇದನ್ನ ಹಾಕಿದ್ದು ನಾನು."

ಮೇಷ್ಟ್ರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಸಂಗಮೇಶನಿಗೆ ತಾನು ಕೇಳಿಸಿಕೊಂಡದ್ದೇ ನಂಬಿಕೆಯಾಗಲಿಲ್ಲ. ಕೇಸು ತಂದವಳೇ ಕಾಗದವನ್ನೂ ತಂದವಳು!

"ಹಬ್ಬಕ್ಕೆ ಹಾಸಿಗೆ ಕೊಡವೋವಾಗ ಸಿಕ್ತು," ಎಂದಳು ಸೌಮ್ಯ. "ಯಾರು ಬರೆದದ್ದು ಅಂತ ನಿಮ್ಮನ್ನ ಕೇಳಿದ್ರೆ ಹೇಳ್ತಿದ್ರಾ? ಈಗಲೂ ಹೇಳ್ತಿಲ್ಲ. ಊರಿಗೆಲ್ಲ ಗೊತ್ತಾಗಿ ಗಲಾಟೆ ಆದ್ರೆ ಬರೆದೋರು ಹೊರಗೆ ಬರ್ತಾರೆ, ಇಲ್ಲ ಪತ್ತೇದಾರರಾದ್ರೂ ಹಿಡೀತಾರೆ ಅಂದ್ಕೊಂಡೆ. ತಪ್ಪೇ ಮಾಡಿದೆ, ನಿಮ್ಮನ್ನ ಬೀದಿಗೆ ತಂದೆ. ಆದ್ರೆ ನನಗೆ ಬೇರೆ ದಾರಿ ಇರ್ಲಿಲ್ಲ."

ಅವಳು ಒಳಗೆ ಹೋಗಿ ಬೀರು ತೆರೆದ ಸದ್ದಾಯಿತು. ಬಂದವಳು ನಾಲ್ಕು ಮಡಿಕೆಯ ಇನ್ನೊಂದು ಹಾಳೆಯನ್ನು ಬಿಚ್ಚಿ, ಮೊದಲಿನದರ ಜೊತೆ ಸಂಗಮೇಶನ ಮುಂದಿಟ್ಟಳು.

ಅದೇ ನೇರಳೆ ಶಾಯಿಯ ಹೆಬ್ಬೆಟ್ಟು. ಅವೇ ಮಾತುಗಳು. 'ಯಾರ ಬಲವಂತವೂ ಇಲ್ಲದೆ ನಾನಾಗಿ ಕೇಳುತ್ತಿದ್ದೇನೆ.' ಎರಡರಲ್ಲೂ ಸಾಲುಗಳು ಎಡದಿಂದ ಬಲಕ್ಕೆ ಗುಡ್ಡ ಹತ್ತಿದಂತೆ ಏರುತ್ತ ಹೋಗಿದ್ದವು. ಬರೆದ ಕೈ ಒಂದೇ ಎನ್ನುವುದಕ್ಕೆ ಭೂತಗನ್ನಡಿ ಬೇಕಿರಲಿಲ್ಲ. ಹೆಸರು ಮಾತ್ರ ಬೇರೆ: ತಿಮ್ಮರಾಯಪ್ಪ, ಕತ್ರಿಗುಪ್ಪೆ.

"ನಮ್ಮಪ್ಪ," ಎಂದಳು ಸೌಮ್ಯ. "ಬಚ್ಚಲಲ್ಲಿ ಜಾರಿ ಸೊಂಟ ಮುರ್ಕೊಂಡು ಅಣ್ಣನ ಮನೇಲಿ ಮಲಗಿದ್ರು. ವಾಸಿಯಾಗ್ತಿದ್ರು ಸಾರ್. ಹೋದ ವೈಶಾಖದಲ್ಲಿ ಒಂದು ರಾತ್ರಿ ನಿದ್ದೇಲೇ ಹೋದ್ರು. ಪುಣ್ಯವಂತರು, ನರಳದೆ ಹೋದ್ರು ಅಂದ್ರು ಎಲ್ಲರೂ. ನಾನೂ ಹಂಗೇ ಅಂದ್ಕೊಂಡಿದ್ದೆ. ಅವರ ಟ್ರಂಕಲ್ಲಿ ಈ ಕಾಗದ ಸಿಗೋವರೆಗೂ."

ಗೌರಮ್ಮ ಓದು ಬಾರದ ಕಣ್ಣಿನಿಂದ ಆ ಎರಡು ಹಾಳೆಗಳನ್ನು ಒಂದಾದ ಮೇಲೊಂದು ನೋಡಿದರು. ಬೀಗರ ಹೆಬ್ಬೆಟ್ಟಿನ ಮೇಲೆ ಬೆರಳಿಟ್ಟರು.

"ಇಲ್ಲ ಕಣವ್ವ," ಎಂದರು. "ಅವನು ಅಂಥೋನಲ್ಲ."

"ಯಾರು ಅತ್ತೆ?"

"ನಂಗೆ ಮಾತು ವಾಪಸ್ ತಂದು ಕೊಟ್ಟೋನೇ ಅವನಲ್ವೇ ಸೌಮ್ಯ? ಸಾಯ್ಬೇಕಾ ಅಂತ ಕೇಳಿ ಬರ್ಕೊಂಡೋನೂ ಅವನೇ, ಆಮೇಲೆ ಬಿಡದೇ ಕೂತು ಹಾಡು ಹೇಳ್ಸಿದೋನೂ ಅವನೇ. ಅಂಥೋನು ನಿಮ್ಮಪ್ಪನ್ನ..."

ಸೌಮ್ಯ ಮಂಚದ ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತಳು.

"ಅಪ್ಪನಿಗೆ ವ್ಯಾಯಾಮ ಮಾಡಿಸು ಅಂತ ಕತ್ರಿಗುಪ್ಪೆಗೆ ಮುತ್ತುರಾಜನ್ನ ಕಳಿಸಿದ್ದು ನಾನೇ, ಅತ್ತೆ."

ಹೊರಗೆ ಸ್ಕೂಟರು ನಿಂತಿತು. ಗೇಟಿನ ಚಿಲಕ ಸರಿಯಿತು. ವಾರಕ್ಕೆ ಮೂರು ಬಾರಿ ಆ ಮನೆಯವರೆಲ್ಲ ಕಿವಿಗೊಟ್ಟು ಕಾಯುವ ದನಿಯೊಂದು ಮೆಟ್ಟಿಲು ಹತ್ತುತ್ತಲೇ ಉಲ್ಲಾಸದಿಂದ ಕೂಗಿತು:

"ಅಜ್ಜೀ! ಇವತ್ತು ಯಾವ ಹಾಡು?"